ಓಡುವ ಮಿಷನ್ನು

ತುಕ್ಕು ಹಿಡಿದ ಹಳೇ ಹೊಲಿಗೆ ಮಿಷನ್ನು ಎಲ್ಲೋ ಇದೆಯೆಂದು ಕಿವಿಗೆ ಬಿದ್ದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ತರೀಕೆರೆಯಿಂದ ಒಂದು, ಅಜ್ಜಂಪುರದಿಂದ ಎರಡು ತಂದು, ಬಿಚ್ಚಿ, ತಿಕ್ಕಿ, ಎಣ್ಣೆ ಬಿಟ್ಟು ಓಡಿಸಿದ್ದೇನೆ. ಓಡಿದ ಮರುದಿನವೇ ಅವುಗಳ ಮೇಲಿನ ಆಸೆ ಹೋಗುತ್ತದೆ. ಕಡೂರಿನ ನಮ್ಮ ಮನೆಯಲ್ಲಿ ಮೂರೂ ಹೊಲಿಯಲು ಬೇಕಾದ ಸೂಜಿ, ಬಾಬಿನ್ನು ಕೂಡ ಇಲ್ಲದೆ ಬಟ್ಟೆ ಹೊದ್ದು ನಿಂತಿವೆ.

ಹೋದ ತಿಂಗಳು ಶಿವನಿ ಊರಿನ ಅಜ್ಜಿಯೊಬ್ಬರು ತಮ್ಮ ಮಿಷನ್ನು ಕೊಟ್ಟರು. "ಏನೂ ಕೆಟ್ಟಿಲ್ಲ ಕಣಪ್ಪಾ, ನಿನ್ನೆ ತಾನೇ ಎಣ್ಣೆ ಬಿಟ್ಟಿದೀನಿ" ಎಂದರು. ನನಗೆ ಒಳಗೊಳಗೇ ನಿರಾಸೆ. ಹೆಂಡತಿಗೆ ಮಾತ್ರ ಖುಷಿ. ಅಂದೇ ದಿಂಬಿನ ಕವರುಗಳನ್ನು ಹೊಲಿಯಲು ಕೂತಳು.

"ಇದನ್ನಾದ್ರೂ ಬಿಚ್ಚಬೇಡಿ ಕಣ್ರೀ" ಎಂದಳು.

ಎರಡು ದಿನ ತಡೆದೆ. ಮೂರನೆಯ ದಿನ ಅವಳು ಸಂತೆಗೆ ಹೋದಾಗ, ಒಳಗೆ ಹೇಗಿದೆ ನೋಡೋಣವೆಂದು ಸ್ಕ್ರೂಡ್ರೈವರ್ ಹಿಡಿದೆ. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಉಳಿಯಿತು, ಚಕ್ರ ತಿರುಗಲಿಲ್ಲ.

ಅವಳು ಬಂದು ನೋಡಿದಳು. ಸೂಜಿಗೆ ದಾರ ಪೋಣಿಸಿ, ಅರ್ಧಕ್ಕೆ ನಿಂತಿದ್ದ ಕವರನ್ನು ಕೈಯಲ್ಲೇ ಹೊಲಿಯತೊಡಗಿದಳು.

"ಒಂದ್ ವಾರದಲ್ಲಿ ಸರಿ ಮಾಡ್ತೀನಿ ಕಣೇ" ಎಂದೆ.

ತಲೆಯೆತ್ತದೆ ಹೇಳಿದಳು: "ನಿಧಾನಕ್ಕೆ ಮಾಡಿ. ಕೆಟ್ಟಿದ್ರೆ ತಾನೇ ನೀವು ಹತ್ರ ಬಂದು ಕೂರೋದು? ನಾನೂ ಒಂದಿನ ಕೆಟ್ಟು ನಿಲ್ತೀನಿ ಬಿಡಿ."