ಕರೆಂಟು ಹೋದಾಗ ತಿರುಗಿದ ಉರುಳೆ

ಜತ್ತ ಪಟ್ಟಣದ ಹೊರಗೆ, ಪ್ಲಾಸ್ಟಿಕ್ ಚೀಲ ನೇಯಲು ಬೇಕಾಗುವ ಪಟ್ಟಿ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ತಣಿದ ಪ್ಲಾಸ್ಟಿಕ್ ಹಾಳೆಯನ್ನು ಪಟ್ಟಿಗಳಾಗಿ ಸೀಳಿ, ಬಿಸಿ ಗೂಡಿನೊಳಗೆ, ಅಂದರೆ ಓವನ್ನಿನೊಳಗೆ, ಹಾಯಿಸಿ ಎಳೆಯುತ್ತೇವೆ. ಗೂಡಿನ ಈಚೆಯ ಉರುಳೆಗಳು ನಿಧಾನ, ಆಚೆಯವು ಐದಾರು ಪಟ್ಟು ಜೋರು. ಕರಗದೆಯೇ ಉದ್ದವಾದ ಪಟ್ಟಿ ಕೈಯಿಂದ ಹರಿಯಲಾಗದಷ್ಟು ಗಟ್ಟಿಯಾಗಿ ಹೊರಬರುತ್ತದೆ.

ನನಗಿಂತ ಮೊದಲು ಆ ಯಂತ್ರ ನೋಡಿಕೊಳ್ಳುತ್ತಿದ್ದವರು ಬೆಳುಂಕಿ ಹಳ್ಳಿಯ ಹಿರಿಯರೊಬ್ಬರು. ಕರೆಂಟು ಹೋದ ಮೇಲೂ ಉರುಳೆ ತಿರುಗುತ್ತದೆ ಎಂದು ಅವರು ಹೇಳಿದಾಗ ಎಲ್ಲರೂ ನಕ್ಕರಂತೆ. ಕುಡಿದು ಬರುತ್ತಾರೆ ಎಂಬ ಮಾತೂ ಎದ್ದಿತು. ಅವರು ಕೆಲಸ ಬಿಟ್ಟು ಕುರಿ ಕಾಯಲು ಹೋದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಉಳಿದವರು ಊಟಕ್ಕೆದ್ದರು. ನಾನೊಬ್ಬಳೇ ಆಚೆಯ ಉರುಳೆಗೆ ಸುತ್ತಿಕೊಂಡಿದ್ದ ತುಂಡು ಪಟ್ಟಿ ಬಿಡಿಸುತ್ತ ಕುಳಿತೆ. ಗೂಡಿನೊಳಗಿಂದ ಸಣ್ಣ ಸದ್ದು, ಯಾರೋ ಉಗುರಿನಿಂದ ತಗಡು ಕೆರೆದಂತೆ. ಆಮೇಲೆ ನನ್ನ ಸೆರಗು ಬಿಗಿಯಾಯಿತು. ನೋಡಿದರೆ ಉರುಳೆ ಹಿಂದಕ್ಕೆ ತಿರುಗುತ್ತಿತ್ತು, ತೀರಾ ನಿಧಾನವಾಗಿ. ಸೆರಗಿನ ತುದಿ ಎರಡು ಉರುಳೆಗಳ ನಡುವೆ ಸೇರಿತ್ತು. ಕೈಯಲ್ಲಿದ್ದ, ಪಟ್ಟಿ ಕೊಯ್ಯುವ ಬ್ಲೇಡಿನಿಂದ ಸೆರಗು ಕೊಯ್ದುಕೊಂಡು ಹೊರಗೆ ಓಡಿದೆ.

ಯಂತ್ರ ರಿಪೇರಿಗೆ ಸಂಖ ಎಂಬ ಊರಿನಿಂದ ಬರುವ ಫಿಟ್ಟರ್ ಒಳಗೆ ಹೋಗಿ ನೋಡಿದ.

"ಎಳದ ಪಟ್ಟಿ ಕಾದ್ರ ಮೊದಲಿನ ಅಳತಿಗೆ ಹೋಗಾಕ ನೋಡತೈತ್ರಿ ಅಕ್ಕಾ. ಗೂಡು ಇನ್ನೂ ಸುಡಾಕತ್ತೈತಿ. ಅಷ್ಟೂ ಪಟ್ಟಿ ಕೂಡಿ ಜಗ್ಗ್ಯಾವು. ಬ್ರೇಕ್ ಇಲ್ಲ, ಉರುಳಿ ತಿರುಗೈತಿ."

ಅದೇ ವಾರ ಬ್ರೇಕ್ ಕೂಡಿಸಿದ.

ಭಾನುವಾರ ನಾನು ಬೆಳುಂಕಿಗೆ ಹೋದೆ. ಹಿರಿಯರು ಕುರಿಗಳನ್ನು ಬೇವಿನ ನೆರಳಿಗೆ ಬಿಟ್ಟು ಕುಳಿತಿದ್ದರು.

"ಕಾಕಾ, ನೀವ್ ಹೇಳಿದ್ದು ಖರೇ ಐತ್ರಿ. ಉರುಳಿ ತಿರುಗಿದ್ದು ನಾನೂ ನೋಡೀನಿ," ಎಂದು ಫಿಟ್ಟರ್ ಕೊಟ್ಟ ಕಾರಣವನ್ನೂ ತಿಳಿಸಿದೆ.

ಅವರು ಪೂರ್ತಿ ಕೇಳಿದರು. ಮುಖದಲ್ಲಿ ಸಮಾಧಾನ ಕಾಣಲಿಲ್ಲ.

"ಉರುಳೀದು ತಿಳೀತು ತಂಗಿ. ಗೂಡಿನ ಒಳಗಿಂದ ನನ್ನ ಹೆಸರ ಹಿಡದ ಕರೀತಿತ್ತಲ್ಲ, ಅದಕ್ಕ ಆ ಫಿಟ್ಟರ್ ಏನಂದ?"

ಅವರೇ ಏಳುವವರೆಗೆ ನಾನೂ ಅವರ ಪಕ್ಕದಲ್ಲೇ ಕುಳಿತಿದ್ದೆ.

ಮಾಲೀಕರು ಅವರನ್ನು ಮತ್ತೆ ಕೆಲಸಕ್ಕೆ ಕರೆದರು, ಅವರು ಬರಲಿಲ್ಲ. ನಾನು ಮಾತ್ರ ಅಲ್ಲೇ ದುಡಿಯುತ್ತಿದ್ದೇನೆ. ಕರೆಂಟು ಹೋದ ಕೂಡಲೇ ಬ್ರೇಕ್ ಹಾಕಿ ಹೊರಗೆ ಬಂದುಬಿಡುತ್ತೇನೆ. ಗೂಡಿನ ಹತ್ತಿರ ಕಿವಿಗೊಟ್ಟು ನಿಲ್ಲುವ ಧೈರ್ಯ ಇನ್ನೂ ಬಂದಿಲ್ಲ.