ಹದಿನಾಲ್ಕನೇ ತಟ್ಟೆಯ ನಿಂಬೆಹಣ್ಣು

ಭೀಮಶ್ಯಾ ಕೈಗೆ ನಿಂಬೆಹಣ್ಣು ಸಿಕ್ಕರೆ ಸುಮ್ಮನೆ ಕೂರುವ ಮನುಷ್ಯನಲ್ಲ. ಇಂಡಿ ಪಟ್ಟಣದ ಸಭಾಭವನವೊಂದರಲ್ಲಿ ಒಬ್ಬೊಬ್ಬರಿಗೆ ಹತ್ತು ಹತ್ತು ಹಣ್ಣು ಹಂಚಿದರು. ಉಳಿದವರೆಲ್ಲ ಪ್ರಸಾದದ ಹಾಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರೆ, ಇವನು ಗಾಲಿಕುರ್ಚಿಯಲ್ಲೇ ಅಂಗಡಿ ತೆರೆದ. ದಪ್ಪನೆಯವು ಎಡಗಡೆ, ಸಣ್ಣವು ಬಲಗಡೆ. ಎರಡನ್ನು ಅಂಗೈಯಲ್ಲಿ ತೂಗಿ ನೋಡಿ ಮೂಗು ಮುರಿದ.

"ಮೇಡಂ, ಇವೆರಡು ಒಳಗ ಕೊಳತಾವ್ರಿ. ಯಾರ ಕಡೆ ತಂದ್ರಿ?"

"ತಿನ್ನಾಕಲ್ರಿ ಕಾಕಾ, ವೋಟ್ ಹಾಕಾಕ," ಎಂದು ವಿಜಯಶ್ರೀ ನಕ್ಕಳು. ಆ ಸಭೆ ಕರೆದ ಸಂಶೋಧನಾ ತಂಡದ ಹುಡುಗಿ ಅವಳು.

"ವೋಟಿಗಾದ್ರೂ ಕೊಳತದ್ದು ಯಾಕ್ರಿ?" ಎಂದ ಭೀಮಶ್ಯಾ. ಸಭೆಯೆಲ್ಲ ನಕ್ಕಿತು. ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ದುರ್ಗವ್ವ ಮಾತ್ರ ಸೆರಗಿನ ಮರೆಯಲ್ಲಿ ಅವನ ತೋಳು ಚಿವುಟಿದಳು.

ಇಂಡಿಯ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ನಿಂಬೆಹಣ್ಣು ಆರಿಸಿದ ಕೈ ಅವನದು. ಹನ್ನೊಂದು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟದ ಕೆಳಗೆ ಜೀವ ಹೋದ ಮೇಲೂ ವ್ಯಾಪಾರಿಗಳು ಅವನನ್ನು ಬಿಡಲಿಲ್ಲ. ಚೀಲಗಳನ್ನು ಹಳ್ಳಿಯ ಮನೆಗೇ ತಂದು ಸುರಿಯುತ್ತಾರೆ. ಇವನು ಕಟ್ಟೆಯ ಮೇಲೆ ಕೂತು, ಬಂದವರ ಜೊತೆ ಹರಟುತ್ತ, ನೋಡದೆಯೇ ಆರಿಸಿ ಹಾಕುತ್ತಾನೆ. ಅವನನ್ನು ಕಂಡು ಅಯ್ಯೋ ಪಾಪ ಎಂದವರಿಗೆ ಇವನೇ ಚಹಾ ಕುಡಿಸಿ ಸಮಾಧಾನ ಮಾಡಿ ಕಳಿಸುತ್ತಾನೆ.

ಆ ದಿನದ ಸಭೆಯ ಸಂಗತಿ ಇಷ್ಟು. ಬೆನ್ನುಹುರಿಗೆ ಪೆಟ್ಟು ಬಿದ್ದವರ ಬಗ್ಗೆ ಇನ್ನು ಮುಂದೆ ಯಾವ ಸಂಶೋಧನೆ ಮೊದಲು ನಡೆಯಬೇಕು ಎಂದು ಪೆಟ್ಟು ತಿಂದವರನ್ನೇ ಕೇಳಬೇಕಂತೆ. ಇಷ್ಟು ವರ್ಷ ಈ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ, ಅಂತೂ ಬಂತಲ್ಲ. ತಿಂಗಳ ಹಿಂದೆ ವಿಜಯಶ್ರೀ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳನ್ನೆಲ್ಲ ತಿರುಗಿ ಮನೆಮನೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡಿದ್ದಳು. ಅವುಗಳಲ್ಲಿ ಇಪ್ಪತ್ತನ್ನು ಆರಿಸಿ, ಒಂದೊಂದಕ್ಕೂ ಒಂದು ಚಿತ್ರ ಬರೆಸಿ, ಒಂದೊಂದು ಸ್ಟೀಲ್ ತಟ್ಟೆಯ ಮುಂದೆ ನಿಲ್ಲಿಸಿದ್ದರು. ಓದಲು ಬಾರದವರೂ ಇದ್ದರಲ್ಲ, ಅದಕ್ಕೆ ಚಿತ್ರ. ಪ್ರಶ್ನೆ ಕೇಳುವುದು, ಮುಖ್ಯ ಅನ್ನಿಸಿದರೆ ಆ ತಟ್ಟೆಗೆ ಹಣ್ಣು ಹಾಕುವುದು.

ಮೊದಲನೇ ತಟ್ಟೆ, ಮತ್ತೆ ನಡೆಯುವಂತಾಗುವುದು ಹೇಗೆ ಎಂಬುದು. ಅದೇ ತುಂಬಿ ತುಳುಕುತ್ತದೆ ಎಂದು ತಂಡದ ಡಾಕ್ಟರ್ ಸುಧೀರ ಕಾದು ನಿಂತಿದ್ದರು. ದುರ್ಗವ್ವ ಹಿಂದೆ ಮುಂದೆ ನೋಡದೆ ಆರು ಹಣ್ಣು ಹಾಕಿ ಬಂದಳು. ಆದರೆ ಗಾಲಿಕುರ್ಚಿಯ ಮೇಲೆ ಕೂತವರ ಕೈ ಅಷ್ಟಾಗಿ ಅತ್ತ ಹೋಗಲೇ ಇಲ್ಲ. ಎರಡನೆಯದು, ಮೂತ್ರದ ತೊಂದರೆಯದು, ತುಂಬಿ ಕೆಳಗೆ ಉರುಳಿತು.

"ನಡಿಯೂದು ಆಮ್ಯಾಲ ನೋಡೂಣ್ರಿ ಸಾಹೇಬ್ರ," ಎಂದ ಸಿಂದಗಿಯ ಒಬ್ಬ. "ಒಂದು ಮದಿವಿಗೆ ಹೋಗಿ ಒಣಾ ಅರಿವ್ಯಾಗ ಮನಿಗೆ ಬಂದ್ರ ಸಾಕಾಗೇತಿ."

ದುರ್ಗವ್ವ ಗಂಡನ ಕಡೆ ತಿರುಗಿದಳು. ಅವನೂ ಒಂದನೇ ತಟ್ಟೆಗೆ ಒಂದೂ ಹಾಕಿರಲಿಲ್ಲ. ಎಷ್ಟು ದೇವರಿಗೆ ಹರಕೆ ಹೊತ್ತವಳು ಅವಳು! ಅವಳಿಗೆ ಸಿಟ್ಟು ಬಂತು.

ಹೀಗೆ ಒಂದೊಂದೇ ತಟ್ಟೆ ದಾಟಿ ವಿಜಯಶ್ರೀ ಹದಿನಾಲ್ಕನೆಯದರ ಮುಂದೆ ಬಂದಳು. ಚಿತ್ರ ನೋಡುತ್ತಲೇ ಭೀಮಶ್ಯಾ ಹೆಂಡತಿಯ ಕಡೆ ಕಣ್ಣು ಹಾಯಿಸಿದ. ಒಂದು ಬೈಕಿನ ಮೇಲೆ ಮೂವರು ಇದ್ದರು. ನಡುವಿನವನ ಕತ್ತು ಒಂದು ಕಡೆ ವಾಲಿತ್ತು.

"ಬಿದ್ದಾಗ ಕಾಲು ಆಡುತ್ತಿದ್ದವು," ಎಂದು ವಿಜಯಶ್ರೀ ಓದತೊಡಗಿದಳು. "ಎಬ್ಬಿಸಿ ಕೂರಿಸಿದರು. ಜಾರಬಾರದೆಂದು ಸೀರೆ ಹರಿದು ಬೈಕಿನವನ ಬೆನ್ನಿಗೆ ಕಟ್ಟಿದರು. ಆಸ್ಪತ್ರೆಯಲ್ಲಿ ಇಳಿಸುವಷ್ಟರಲ್ಲಿ ಕಾಲು ಹೋಗಿದ್ದವು. ಬಿದ್ದಾಗ ಅಲ್ಲ, ಎತ್ತಿದಾಗ ಕಾಲು ಕಳೆದುಕೊಂಡವರು ನಮ್ಮ ಕಡೆ ಎಷ್ಟು ಮಂದಿ? ಬಿದ್ದವರನ್ನು ಎತ್ತುವುದನ್ನು ಹಳ್ಳಿಯವರಿಗೆ ಕಲಿಸುವುದು ಹೇಗೆ?"

ಭೀಮಶ್ಯಾನ ಕೈ ಹಣ್ಣಿನ ಮೇಲೆ ನಿಂತೇಬಿಟ್ಟಿತು. ಅದು ಅವನದೇ ಪ್ರಶ್ನೆ. ವಿಜಯಶ್ರೀ ಮನೆಗೆ ಬಂದ ದಿನ, ದುರ್ಗವ್ವ ನೀರಿಗೆ ಹೋಗಿದ್ದಾಗ, ಹನ್ನೊಂದು ವರ್ಷ ಯಾರಿಗೂ ಹೇಳದ್ದನ್ನು ಅವಳೆದುರು ಹೇಳಿಬಿಟ್ಟಿದ್ದ. ಹೆಸರು ಬರೆಯುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು, ಉಳಿಸಿಕೊಂಡೂ ಇದ್ದಳು. ಆದರೆ ಸೀರೆಗೆ ಹೆಸರು ಬೇಕೇ? ಯಾವುದೋ ಕಚೇರಿಯ ಕಪಾಟಿನಲ್ಲಿ ಧೂಳು ತಿನ್ನುತ್ತದೆ ಎಂದುಕೊಂಡಿದ್ದ ಮಾತು ಹೀಗೆ ಹೆಂಡತಿಯ ಕಣ್ಣೆದುರು ತಟ್ಟೆಯಲ್ಲಿ ಬಂದು ಕೂರುತ್ತದೆ ಎಂದು ಪುಣ್ಯಾತ್ಮ ಕನಸಿನಲ್ಲೂ ಎಣಿಸಿರಲಿಲ್ಲ.

ಅವನು ಬಿದ್ದದ್ದು ಬೇವಿನ ಮರದಿಂದ. ಆಡಿಗೆ ಸೊಪ್ಪು ಕಡಿಯಲು ಹತ್ತಿದ್ದ. ಕೆಳಗೆ ಏಣಿ ಹಿಡಿದಿದ್ದವನು ದುರ್ಗವ್ವನ ಒಬ್ಬನೇ ತಮ್ಮ ಸೋಮನಿಂಗ, ನಾಲತವಾಡದಿಂದ ಅಕ್ಕನ ಮನೆಗೆ ಬಂದವನು. ಆಡು ತೊಗರಿ ಹೊಲಕ್ಕೆ ನುಗ್ಗಿತೆಂದು ಅವನು ಅದರ ಹಿಂದೆ ಓಡಿದ್ದೇ ತಡ, ಏಣಿ ಜಾರಿತು. ಬಿದ್ದವನ ಬೆನ್ನು ಉರಿಯುತ್ತಿತ್ತು ನಿಜ, ಆದರೆ ಕಾಲಿಗೆ ಏನೂ ಆಗಿರಲಿಲ್ಲ. ಕಳಚಿಹೋದ ಚಪ್ಪಲಿಯನ್ನು ಬಲಗಾಲಿನಿಂದಲೇ ತಡಕಿ ಹಾಕಿಕೊಂಡಿದ್ದ. ಅಷ್ಟರಲ್ಲಿ ದುರ್ಗವ್ವ ಓಡಿ ಬಂದಳು. ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿ ನೀರು ಕುಡಿಸಿದಳು. ಪಕ್ಕದ ಮನೆಯ ಗುರುನಾಥನ ಬೈಕಿನ ನಡುವೆ ಕೂರಿಸಿ, ಉಟ್ಟ ಸೀರೆಯ ಸೆರಗು ಹರಿದು ಕಟ್ಟಿ, ತಾನು ಹಿಂದೆ ಕೂತು ಅವಚಿ ಹಿಡಿದಳು. ಕಲ್ಲುದಾರಿಯಲ್ಲಿ ಎಂಟು ಕಿಲೋಮೀಟರ್ ಹೋದರು. ಪ್ರೀತಿ ಇದ್ದವರು ಇನ್ನೇನು ಮಾಡುತ್ತಾರೆ?

ಆಸ್ಪತ್ರೆ ಸೇರಿದ ಎರಡನೇ ವಾರ ಡಾಕ್ಟರೊಬ್ಬರು ಅವನನ್ನು ಕೇಳಿದ್ದರು, ಬಿದ್ದಮೇಲೆ ಕಾಲು ಆಡುತ್ತಿದ್ದವೇ ಎಂದು. ಹೌದೆಂದಾಗ, "ಹಲಗಿ ಮ್ಯಾಲ ಮಲಗಿಸಿ ತಂದಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ಭೀಮಶ್ಯಾನಿಗೆ ತಾನಾಗಿ ತಿಳಿಯಿತು. ಅದೇ ಹೊತ್ತಿಗೆ ಹೊರಗೆ ದುರ್ಗವ್ವ ತಮ್ಮನಿಗೆ ಹಿಡಿಶಾಪ ಹಾಕುತ್ತಿದ್ದಳು. ಯಾರನ್ನಾದರೂ ಬೈಯಲಿ, ತನ್ನನ್ನು ತಾನು ಬೈದುಕೊಳ್ಳದಿದ್ದರೆ ಸಾಕು ಎಂದು ಇವನು ಸುಮ್ಮನಾದ. ಒಂದು ತಿಂಗಳು ಸುಮ್ಮನಿದ್ದು ಹೇಳೋಣ ಎಂದುಕೊಂಡದ್ದು ಹನ್ನೊಂದು ವರ್ಷವಾಯಿತು. ಸೋಮನಿಂಗ ಮೂರು ಸಲ ಬಾಗಿಲಿಗೆ ಬಂದ. ಮೂರನೇ ಸಲ ಅವಳು, "ಇನ್ನ ನನ್ನ ಹೆಣಾ ನೋಡಾಕ ಬಾ, ಅಲ್ಲೀ ಮಟಾ ಬರಬ್ಯಾಡ," ಎಂದು ಕದ ಹಾಕಿದಳು. ಅವನ ಮಗಳ ಲಗ್ನಪತ್ರಿಕೆಯನ್ನು ಒಲೆಗೆ ಇಟ್ಟಳು. ಕಟ್ಟೆಯ ಮೇಲೆ ಕೂತು ಭೀಮಶ್ಯಾ ಅದನ್ನೂ ನೋಡಿದ.

ಇತ್ತ ಸಭೆಯಲ್ಲಿ ವಿಜಯಶ್ರೀ ಓದಿ ಮುಗಿಸಿದ್ದಳು. ಹದಿನಾಲ್ಕನೇ ತಟ್ಟೆ ಖಾಲಿ. ಗಾಲಿಕುರ್ಚಿಯಲ್ಲಿದ್ದವರು ಪಕ್ಕದವರ ಮುಖ ನೋಡದೆ ನೆಲ ನೋಡುತ್ತಿದ್ದರು. ಪಕ್ಕದವರು, ಅಂದರೆ ತಾಯಂದಿರು, ಹೆಂಡಂದಿರು, ಅಣ್ಣತಮ್ಮಂದಿರು, ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ಅಲ್ಲಿ ಒಂದು ಹಣ್ಣು ಹಾಕಿದರೆ ನಾನೇ ಎತ್ತಿದೆ ಎಂದು ಒಪ್ಪಿಕೊಂಡ ಹಾಗೆ. ಯಾರು ಹಾಕುತ್ತಾರೆ?

ದುರ್ಗವ್ವ ಎದ್ದಳು. ತಟ್ಟೆಯ ತನಕ ನಡೆದು, ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಎದುರು ಬಂದು ನಿಂತಳು.

"ನೀ ಅವತ್ತ ಚಪ್ಪಲ್ ಹಾಕ್ಕೊಂಡಿದ್ದಿ. ಕಾಲಿಲೆ ಹುಡುಕಿ ಹಾಕ್ಕೊಂಡಿದ್ದಿ. ಸುಡಲಿ ಅದನ್ನ, ಬಿಡು ಅಂತ ನಾನ ಅಂದಿದ್ದೆ." ಕೈಯಲ್ಲಿದ್ದ ಚಿತ್ರವನ್ನು ಅವನ ಮುಖದ ಮುಂದೆ ಹಿಡಿದಳು. "ಹೌದೋ ಅಲ್ಲೋ?"

"ಹೌದು," ಎಂದ ಭೀಮಶ್ಯಾ.

ಡಾಕ್ಟರ್ ಸುಧೀರ ಓಡಿ ಬಂದರು. "ತಾಯಿ, ಖಾತ್ರಿ ಹೇಳಾಕ ಬರೂದಿಲ್ರಿ. ಬಿದ್ದಾಗನ ಪೆಟ್ಟಾಗಿ, ಒಳಗ ಬಾವು ಬಂದು ಆಮ್ಯಾಲ ಕಾಲು ಹೋಗಿರಬಹುದು. ಯಾರೂ ಇದನ್ನ ಈ ಕಡೆ ನೋಡಿಲ್ಲ. ಅದಕ್ಕ ಈ ಪ್ರಶ್ನೆ..."

"ನಿಮ್ಮನ್ನ ಕೇಳಿಲ್ರಿ ನಾ," ಎಂದಳು ದುರ್ಗವ್ವ, ಗಂಡನ ಮೇಲಿನ ಕಣ್ಣು ತೆಗೆಯದೆ. "ಯಾಕ ಹೇಳ್ಲಿಲ್ಲ?"

"ನೀ ತಡಕೊಳ್ಳಾಂಗಿಲ್ಲ ಅಂದ್ಕೊಂಡೆ."

"ನಾ ತಡಕೊಳ್ಳಾಂಗಿಲ್ಲ? ಹನ್ನೊಂದ ವರ್ಷ ನಿನ್ನ ಉಚ್ಚಿ ನಳಿ ತಗದು ಹಾಕಿದಾಕಿ ನಾ. ನಿನ್ನ ಕುಂಡಿ ಹುಣ್ಣ ತೊಳದಾಕಿ ನಾ. ನಾ ತಡಕೊಳ್ಳಾಂಗಿಲ್ಲ, ಸೋಮ್ಯಾ ತಡಕೋಬೇಕಾಗಿತ್ತೇನು?"

ಮಾತಿನ ಮಲ್ಲ ಎಂದು ಹೆಸರಾದ ಭೀಮಶ್ಯಾ, ಹೆಂಡತಿಯನ್ನು ಕಾಪಾಡಿದೆ ಎಂಬ ಹಮ್ಮಿನಲ್ಲಿ ಇಷ್ಟು ವರ್ಷ ಕಳೆದವನು, ಒಬ್ಬ ಅಮಾಯಕನನ್ನು ತಾನೇ ಕೈಯಾರೆ ಕೊಳೆತ ಹಣ್ಣಿನ ಕಡೆ ಎಸೆದಿದ್ದೆ ಎಂಬುದನ್ನು ಅವತ್ತು ಮೊದಲ ಸಲ ಕಂಡ.

ದುರ್ಗವ್ವ ಮೊದಲನೇ ತಟ್ಟೆಯ ಹತ್ತಿರ ಹೋಗಿ ತಾನು ಹಾಕಿದ್ದ ಆರು ಹಣ್ಣು ವಾಪಸು ತೆಗೆದಳು. ಹಾಗೆ ತೆಗೆಯಲು ಅವಕಾಶವಿತ್ತೋ ಇಲ್ಲವೋ, ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಉಡಿಯಲ್ಲಿದ್ದ ನಾಲ್ಕನ್ನೂ ಸೇರಿಸಿ ಹತ್ತನ್ನೂ ಹದಿನಾಲ್ಕನೇ ತಟ್ಟೆಗೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಮುದ್ದೇಬಿಹಾಳದ ಮೆಹರುನ್ನಿಸಾ ಎಂಬ ಮುದುಕಿ ಎದ್ದಳು. "ನಾವು ಮಗನ್ನ ಟಂಟಂ ಆಟೋದಾಗ ಮಡಚಿ ಹಾಕ್ಕೊಂಡು ಹೋಗಿದ್ವಿ," ಎಂದು ಯಾರಿಗೋ ಹೇಳುವಂತೆ ಹೇಳಿ ಎರಡು ಹಣ್ಣು ಹಾಕಿದಳು. ಆಮೇಲೆ ಒಬ್ಬೊಬ್ಬರೇ ಎದ್ದರು. ಎತ್ತಿದವರೂ ಹಾಕಿದರು, ಎತ್ತಿಸಿಕೊಂಡವರೂ ಹಾಕಿದರು. ಕೊನೆಗೆ ಅದು ಮೂತ್ರದ ತಟ್ಟೆಯ ಪಕ್ಕದಲ್ಲಿ, ಎರಡನೇ ಸ್ಥಾನದಲ್ಲಿ ನಿಂತಿತು.

ಸಭೆ ಮುಗಿದ ಮೇಲೆ ಹೊರಗೆ ಜಗುಲಿಯಲ್ಲಿ ದುರ್ಗವ್ವ ಫೋನನ್ನು ಗಂಡನ ಕೈಗೆ ಕೊಟ್ಟಳು. "ಸೋಮ್ಯಾಗ ಹಚ್ಚು."

"ಏನಂತ ಹೇಳ್ಲಿ?"

"ಮುಚ್ಚಿಟ್ಟಾಂವ ನೀ. ನೀನ ಹೇಳು."

ಅವನು ಹಚ್ಚಿ, ಅವಳಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದ. ನಾಲತವಾಡದಲ್ಲಿ ಫೋನು ಎರಡೇ ಸಲ ಬಡಿದುಕೊಂಡಿತು.

"ಮಾಮಾ?" ಎಂದಿತು ಸೋಮನಿಂಗನ ದನಿ. ಇವನು ಬಾಯಿ ತೆರೆಯುವ ಮೊದಲೇ ಆ ಕಡೆ ದನಿ ಒಡೆಯಿತು. "ಅಕ್ಕಾ ಯಾವಾಗ ಹೋದ್ಲು, ಮಾಮಾ? ನಾ ಈಗ ಹೊಂಟೆ. ನಾ ಬರೂ ಮಟಾ ಎತ್ತಬ್ಯಾಡ್ರಿ."

ಭೀಮಶ್ಯಾ ಹೆಂಡತಿಯ ಮುಖ ನೋಡಿದ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಫೋನು ಕಸಿದುಕೊಂಡಳು.

"ಹೋಗಿಲ್ಲೋ ತಮ್ಮಾ. ಇನ್ನೂ ಅದೇನಿ. ನೀ ಮನ್ಯಾಗ ಇರು, ನಾನ ಬರ್ತೇನಿ."