ಫೋನಿಗೆ ಶಾಲು ಹೊದಿಸಿದ ಶುಕ್ರವಾರ

ನಮ್ಮ ಸಂಘದಲ್ಲಿ ಸನ್ಮಾನ ಮಾಡದೆ ಯಾರಿಗೂ ಏನನ್ನೂ ಮಾಡಲು ಬಿಡುವುದಿಲ್ಲ. ಒಮ್ಮೆ ಹಾಲ್‌ನ ಎ.ಸಿ. ರಿಪೇರಿಗೆ ಬಂದವನಿಗೂ ಏಣಿ ಹತ್ತುವ ಮೊದಲು ಶಾಲು ಹೊದಿಸಿದ್ದೆವು. ಅವನು ಶಾಲು ಹೊದ್ದುಕೊಂಡೇ ಏಣಿ ಹತ್ತಿದ. ಮಸ್ಕತ್‌ನಲ್ಲಿರುವ ಕರಾವಳಿ ಕನ್ನಡಿಗರ ಈ ಸಂಘಕ್ಕೆ ನಾನು ಒಂಬತ್ತು ವರ್ಷಗಳಿಂದ ನಿರೂಪಕಿ. ಅಂದರೆ ಮೈಕ್ ನನ್ನ ಕೈಯಲ್ಲಿ, ಕಾರ್ಯಕ್ರಮದ ಪಟ್ಟಿ ಅಧ್ಯಕ್ಷರ ಕೈಯಲ್ಲಿ. ಹಾಗಾಗಿ ಅಂದು ನಡೆದದ್ದರಲ್ಲಿ ನನ್ನ ತಪ್ಪು ಎಷ್ಟು, ಅವರದು ಎಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ದಕ್ಷಿಣ ಮೆಕ್ಸಿಕೊದ ಒಬ್ಬಾಕೆ ಇದ್ದಳು. ಗಂಡ ಎಂಜಿನಿಯರ್, ತಿಂಗಳಲ್ಲಿ ಹೆಚ್ಚು ದಿನ ಮರುಭೂಮಿಯ ಸೈಟಿನಲ್ಲಿ. ಮೊದಲ ಸಲ ಅವಳನ್ನು ಲಿಫ್ಟಿನಲ್ಲಿ ಕಂಡಾಗ ಕಂಕುಳಲ್ಲಿ ಬಾಳೆ ಎಲೆಯ ಸುರುಳಿ ಇತ್ತು. ಮನೆಯಲ್ಲಿ ಪೂಜೆಯೋ ಎಂದು ಕೇಳಿದೆ. ಅಲ್ಲ, ತಮಾಲೆ ಎಂದಳು. ಮೆಕ್ಕೆಜೋಳದ ಹಿಟ್ಟನ್ನು ಕೊಬ್ಬು ಹಾಕಿ ಚೆನ್ನಾಗಿ ಬಡಿದು, ನಡುವೆ ಪಲ್ಯವೋ ಕೋಳಿಯೋ ಇಟ್ಟು, ಬಾಡಿಸಿದ ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವುದಂತೆ. "ಓ, ನಮ್ಮ ಅರಸಿನ ಎಲೆಯ ಗಟ್ಟಿ!" ಎಂದುಬಿಟ್ಟೆ. ನನ್ನ ಬಾಯಿಯೇ ಹಾಗೆ. ಅವಳು ನಕ್ಕಳು, ಚಹಾಕ್ಕೂ ಕರೆದಳು.

ಚಹಾ ಕುಡಿಯುವಾಗ ಅವಳ ತಾಯಿಯ ವಿಷಯ ಬಂತು. ಇವಳಿಗೆ ನಲವತ್ತೆರಡು. ತಾಯಿ ಅಂದಿನವರೆಗೆ ಒಮ್ಮೆಯೂ ಇವಳಿಂದ ಪೂರ್ತಿ ತಮಾಲೆ ಮಾಡಿಸಿರಲಿಲ್ಲ. ಅಲ್ಲಿ ಹಿಟ್ಟಿಗೊಂದು ಪರೀಕ್ಷೆ ಇದೆ. ಬಡಿದ ಹಿಟ್ಟಿನಿಂದ ಗೋಲಿಯಷ್ಟು ತೆಗೆದು ನೀರಿಗೆ ಹಾಕಬೇಕು. ತೇಲಿದರೆ ಹದ ಬಂದಿದೆ, ಮುಳುಗಿದರೆ ಇಲ್ಲ. ನಾವು ಉದ್ದಿನ ವಡೆಯ ಹಿಟ್ಟನ್ನು ನೋಡುವುದೂ ಹೀಗೆಯೇ. ಇವಳ ಹಿಟ್ಟು ಪ್ರತಿ ಸಲ ಮುಳುಗುತ್ತಿತ್ತು, ತಾಯಿ ಪ್ರತಿ ಸಲ ಪಾತ್ರೆ ಕಸಿದುಕೊಳ್ಳುತ್ತಿದ್ದರು. "ನಿನಗೆ ಕೈಗುಣ ಇಲ್ಲ. ನೀನು ಹೋಗು, ಮುಂದಿನದು ನಾನು ಮಾಡ್ತೇನೆ." ಮುಂದಿನದು ಏನೆಂದು ಆ ಬಾಯಿಂದ ಇವಳು ಕೇಳಿದ್ದೇ ಇಲ್ಲ. ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿ ಕಲಿತದ್ದು. ಮಸ್ಕತ್‌ಗೆ ಬಂದ ಮೇಲೆ ಎರಡು ವರ್ಷ ಒಬ್ಬಳೇ ಬಡಿದು ಬಡಿದು ಕೊನೆಗೂ ತೇಲಿಸಿದ್ದಳು. ಫೋನಿನಲ್ಲಿ ಹೇಳಿದರೆ ತಾಯಿ ನಂಬಲಿಲ್ಲ. "ಅಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತೀರಂತಲ್ಲ. ಅದರಲ್ಲಿ ಕಲ್ಲೂ ತೇಲುತ್ತದೆ" ಎಂದರಂತೆ.

ನನಗೆ ಸಿಟ್ಟು ಬಂತು. ನನ್ನ ಅಮ್ಮನೂ ಕೈಗುಣ ಇಲ್ಲ ಅಂದವಳು, ಪತ್ರೊಡೆಯ ವಿಷಯದಲ್ಲಿ. "ನೀನು ನಮ್ಮ ಸಂಘಕ್ಕೆ ಬಾ. ನಲವತ್ತು ಹೆಂಗಸರಿಗೆ ಕಲಿಸು. ನಿನ್ನ ತಾಯಿ ವಿಡಿಯೋ ಕಾಲ್‌ನಲ್ಲಿ ಕೂತು ನೋಡಲಿ" ಎಂದು ಮಾತು ಕೊಟ್ಟೆ.

ತಮಾಲೆ ಕಲಿಸುವ ವಿಷಯ ಹೇಳಿದ್ದೇ ಅಧ್ಯಕ್ಷರು ಕುಳಿತಲ್ಲಿಂದ ಎದ್ದರು. ಬೇರೊಂದು ಸಂಘದವರು ಪಾಸ್ತಾ ಕಲಿಸಿದ್ದು ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ಲ್ಯಾಟಿನೋ ಸಂಸ್ಕೃತಿ ಮತ್ತು ಮನೆ ಅಡುಗೆ ಕಾರ್ಯಾಗಾರ" ಎಂದು ಅಲ್ಲೇ ಹೆಸರಿಟ್ಟರು. ಹಂದಿಯ ಕೊಬ್ಬು ಮಾತ್ರ ಬೇಡ, ಎಲ್ಲರೂ ತಿನ್ನಬೇಕು ಎಂದರು. ಅವಳು ಒಪ್ಪಿದಳು, ವನಸ್ಪತಿ ಹಾಕುವುದೆಂದಾಯಿತು. ತಾಯಿಗೆ ಇದು ತಿಳಿದು, "ಹಾಗಾದರೆ ತೇಲುವ ಆಸೆ ಬಿಡು" ಎಂದರು. ಬ್ಯಾನರ್ ಬಂದಾಗ ಅದರ ಮೇಲೆ ಮೈತುಂಬ ಉಣ್ಣೆಯಿರುವ, ಉದ್ದ ಕತ್ತಿನ ಪ್ರಾಣಿ ನಿಂತಿತ್ತು. ಇದು ನಮ್ಮ ದೇಶದ್ದಲ್ಲ, ನಾನು ನೋಡಿಯೇ ಇಲ್ಲ ಎಂದಳು. "ಪರವಾಗಿಲ್ಲ, ಒಂಟೆಯ ಸಂಬಂಧಿಕನ ಹಾಗೆ ಉಂಟು. ಒಮಾನಿನವರಿಗೆ ಖುಷಿ ಆಗ್ತದೆ" ಎಂದರು ಅಧ್ಯಕ್ಷರು.

ಶುಕ್ರವಾರ ಸಂಜೆ ನಾಲ್ಕಕ್ಕೆ ನಗರದೊಳಗಿನ ಖುರುಮ್‌ನ ಒಂದು ಹೋಟೆಲಿನ ಹಾಲ್. ಏಳಕ್ಕೆ ಬಿಟ್ಟುಕೊಡಬೇಕು, ಆಮೇಲೆ ಯಾರದೋ ಮಗುವಿನ ಬರ್ತ್‌ಡೇ. ಪಕ್ಕದ ಊರು ಬರ್ಕಾದಲ್ಲಿ ತರಕಾರಿ ಅಂಗಡಿ ಇಟ್ಟಿರುವ ಬ್ಯಾರಿ ಸಾಹೇಬರು ಅಲ್ಲಿಯ ತೋಟದಿಂದಲೇ ಬಾಳೆ ಎಲೆ ಕಡಿಸಿ ತಂದಿದ್ದರು. ವೇದಿಕೆಯ ಮೇಜಿನ ಮೇಲೆ ಒಂದು ಕರೆಂಟ್ ಒಲೆ, ಒದ್ದೆ ಬಟ್ಟೆ ಮುಚ್ಚಿದ ಹಿಟ್ಟಿನ ಪಾತ್ರೆ, ಪಕ್ಕದಲ್ಲಿ ಸ್ಟ್ಯಾಂಡಿಗೆ ನಿಲ್ಲಿಸಿದ ಫೋನ್. ಫೋನಿನೊಳಗೆ ತಾಯಿ. ಅಲ್ಲಿ ಬೆಳಗಿನ ಆರು ಗಂಟೆ. ಅವರು ತಲೆ ಬಾಚಿ, ಕಿವಿಗೆ ಓಲೆ ಹಾಕಿ, ಕಾಫಿ ಹಿಡಿದು ಕೂತಿದ್ದರು.

"ನಾನು ಯಾವಾಗ ಶುರು ಮಾಡಲಿ?" ಎಂದು ಇವಳು ಕೇಳಿದಳು.

"ಸ್ವಾಗತ ಆದ ಕೂಡಲೇ" ಎಂದೆ. ನಾನು ನಿಜವಾಗಿ ಹಾಗೇ ನಂಬಿದ್ದೆ.

ದೀಪ ಹಚ್ಚಿದೆವು. ಪ್ರಾರ್ಥನೆ ಹಾಡುವವಳು ಮೂರು ನುಡಿ ಹಾಡಿ ನಾಲ್ಕನೆಯದಕ್ಕೆ ಮೊದಲು ಕೆಮ್ಮಿದಳು. ಪ್ರಾಯೋಜಕರೊಬ್ಬರು ತಮ್ಮ ಟೈಲ್ಸ್ ಅಂಗಡಿ ಬೆಳೆದ ಬಗೆ ವಿವರಿಸಿದರು. ಮಕ್ಕಳ ನೃತ್ಯ ಎರಡಾಯಿತು. ಆಮೇಲೆ ಸಂಪನ್ಮೂಲ ವ್ಯಕ್ತಿಗೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ದೊಡ್ಡದಾಗಿ ಅವಳ ಹುಬ್ಬಿನವರೆಗೆ ಇಳಿಯಿತು. ಅವಳು ಗದ್ದ ಎತ್ತಿ, ಪೇಟದ ಕೆಳಗಿನಿಂದ ಹಿಟ್ಟಿನ ಪಾತ್ರೆಯನ್ನೇ ನೋಡುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರೆ. ನಮ್ಮಲ್ಲಿ ಹಿಟ್ಟೂ ಇತ್ತು. ಅದು ಎ.ಸಿ.ಯಲ್ಲಿ ಒಣಗುತ್ತಿತ್ತು.

ಆರು ಗಂಟೆಗೆ ನಾನು ಅಧ್ಯಕ್ಷರ ಬಳಿ ಹೋಗಿ, ಇನ್ನಾದರೂ ಶುರು ಮಾಡಿಸಿ, ಅವರ ತಾಯಿ ಎರಡು ಗಂಟೆಯಿಂದ ಫೋನಿನಲ್ಲಿ ಕಾಯುತ್ತಿದ್ದಾರೆ ಎಂದೆ. ನನ್ನ ಜೀವನದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಮಾಡಿಲ್ಲ.

"ತಾಯಿಯಾ?" ಅಧ್ಯಕ್ಷರ ಕಣ್ಣು ತುಂಬಿತು. "ಎಂತ ಮಾರಾಯ್ರೆ, ಮೊದಲೇ ಹೇಳ್ಬಾರ್ದಾ? ತಾಯಿಗೆ ಸನ್ಮಾನ ಮಾಡದೆ ಮಗಳ ಹತ್ರ ಪಾಠ ಮಾಡ್ಸ್ಲಿಕ್ಕುಂಟಾ?"

ಬಾರದೆ ಉಳಿದ ಮುಖ್ಯ ಅತಿಥಿಯ ಶಾಲು ಒಂದು ಮಿಕ್ಕಿತ್ತು. ಅದನ್ನು ಫೋನಿಗೆ ಹೊದಿಸಿದರು. ಫೋನ್ ಬೀಳಬಾರದೆಂದು ಎರಡು ಸುತ್ತು ಸುತ್ತಿದರು. ಅದರ ಮೇಲೆ ಹಾರ. ಮುಂದೆ ಹಣ್ಣಿನ ಬುಟ್ಟಿ. ಸಭಿಕರು ಎದ್ದು ನಿಂತರು. ಸನ್ಮಾನ ಪತ್ರ ಓದಿ ಎಂದು ನನಗೆ ಸನ್ನೆ ಬಂತು. ಪತ್ರವೇ ಇರಲಿಲ್ಲ. ಖಾಲಿ ಹಾಳೆ ಹಿಡಿದು ನಾನು ಓದಿದೆ: "ಖಂಡಾಂತರಗಳಿಗೆ ಅನ್ನವಿಕ್ಕಿದ ಮಹಾತಾಯಿ, ಜೋಳದ ಸಿರಿ..." ಒಂಬತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೋಗುತ್ತದೆ. ಶಾಲಿನ ಒಳಗಿನಿಂದ ಜೋರಾದ ಧ್ವನಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಏನೆಂದರು ಎಂದು ಅಧ್ಯಕ್ಷರು ಕೇಳಿದರು. ಮಗಳು ಇಂಗ್ಲಿಷಿನಲ್ಲಿ ಹೇಳಿದಳು, ನಾನು ಮೈಕಿನಲ್ಲಿ ಕನ್ನಡಕ್ಕೆ ತಂದೆ: "ಲೈಟ್ ಆರಿಸಿದವರು ಯಾರು ಅಂತ ಕೇಳ್ತಿದ್ದಾರೆ." ಮತ್ತೆ ಚಪ್ಪಾಳೆ.

ಸನ್ಮಾನಕ್ಕೆ ಉತ್ತರ, ಗ್ರೂಪ್ ಫೋಟೋ, ಎಲ್ಲ ಮುಗಿಯುವಾಗ ಬಾಗಿಲಲ್ಲಿ ಬಲೂನುಗಳು ಕಾಣಿಸಿದವು. ಏಳು ಗಂಟೆ. ಹೋಟೆಲಿನ ಮ್ಯಾನೇಜರ್ ಒಳಗೆ ಬಂದು, ಕೈಗೆ ಕೈ ತಟ್ಟಿ, "ಖಲಾಸ್, ಖಲಾಸ್" ಎಂದ. ಮದುವೆ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತಿದ್ದೆವು. ಅವಳು ಪೇಟ ಹಾಕಿಕೊಂಡೇ ಪಾತ್ರೆಗೆ ಬಟ್ಟೆ ಮುಚ್ಚಿ ಗಂಟು ಕಟ್ಟತೊಡಗಿದಳು. ನನಗೆ ನಾಚಿಕೆಯಿಂದ ಸತ್ತಂತಾಯಿತು. ತಾಯಿ ಪಾತ್ರೆ ಕಸಿದುಕೊಳ್ಳುತ್ತಿದ್ದರು ಎಂದು ಸಿಟ್ಟು ಮಾಡಿದ್ದ ನಾನು ಅದನ್ನೇ ಮಾಡಿದ್ದೆ, ಮೈಕ್ ಹಿಡಿದುಕೊಂಡು.

ಆಗ ಬರ್ಕಾದ ಸಾಹೇಬರು ಹಿಂದಿನ ಸಾಲಿನಿಂದ ಎದ್ದರು. "ಎಂತದಿದು? ಎಲೆ ನಾನು ತಂದದ್ದು. ಇದಕ್ಕೆ ಸುಮ್ಮನೆ ವಾಪಸ್ ಬರ್ಕಾ ತೋರಿಸ್ಲಿಕ್ಕೆ ಉಂಟಾ?" ನೇರ ಬಾಗಿಲಿಗೆ ಹೋಗಿ ಬರ್ತ್‌ಡೇ ಮಗುವಿನ ಅಪ್ಪನ ಹೆಗಲ ಮೇಲೆ ಕೈ ಹಾಕಿದರು. "ಭಾಯ್, ಪಂದ್ರಾ ಮಿನಿಟ್. ಆಪ್ ಕಾ ಕೇಕ್ ಭಾಗ್ ನಹೀ ಜಾಯೇಗಾ." ಆ ಮನುಷ್ಯ ಏನೆಂದುಕೊಂಡನೋ, ತಲೆಯಾಡಿಸಿದ. ಮಕ್ಕಳು ಬಲೂನು ಹಿಡಿದು ಮುಂದಿನ ಸಾಲಿನಲ್ಲಿ ಕೂತರು.

ನಾನು ಹೋಗಿ ಫೋನಿನ ಶಾಲು ಬಿಚ್ಚಿದೆ. ತಾಯಿ ಕಂಡರು. ಕಾಫಿ ಮುಗಿದಿತ್ತು, ಮುಖ ಗಂಟಿಕ್ಕಿತ್ತು. ನಾನು ಕುಡಿಯಲು ಇಟ್ಟುಕೊಂಡಿದ್ದ ನೀರಿನ ಗ್ಲಾಸನ್ನು ಮೇಜಿನ ಮೇಲೆ, ಫೋನಿಗೆ ಕಾಣುವಂತೆ ಇಟ್ಟೆ. ಅವಳು ಹಿಟ್ಟಿನ ಉಂಡೆ ಹಾಕಿದಳು.

ಮುಳುಗಿತು.

ಫೋನಿನಿಂದ ಚಿಕ್ಕದೊಂದು ಮಾತು ಬಂತು. ಅದನ್ನು ಯಾರೂ ಅನುವಾದ ಮಾಡಬೇಕಾಗಿರಲಿಲ್ಲ. ಮುಂದಿನ ಸಾಲಿನ ಕುಂದಾಪುರದ ಹೆಂಗಸೊಬ್ಬರು ತೋಳು ಮಡಚಿ ಎದ್ದೇಬಿಟ್ಟರು. "ಗಾಳಿ ಸಾಲ್ದು ಕಾಣಿ. ಇಲ್ ಕೊಡಿ, ನಾ ಬಡಿತೆ." ಇನ್ನೂ ನಾಲ್ಕೈದು ಜನ ಮೇಜಿನ ಬಳಿ ಬಂದರು, ವಡೆ ಹಿಟ್ಟು ಬಡಿದ ಅನುಭವಸ್ಥರು. ನಾನು ಮೈಕಿನಲ್ಲಿ ಕಿರುಚಿದೆ: "ಯಾರೂ ಮುಟ್ಟಬೇಡಿ!" ಬಲೂನಿನ ಮಗು ಅಳತೊಡಗಿತು.

ಅವಳು ಹಾರ ತೆಗೆದಿಟ್ಟಳು. ಪೇಟ ತೆಗೆಯಲು ಮರೆತಳು. ಪಾತ್ರೆಗೆ ಎರಡು ಚಮಚ ನೀರು ಬಿಟ್ಟು ಬಡಿಯತೊಡಗಿದಳು. ಬಡಿದಳು, ಬಡಿದಳು. ಪೇಟ ಮೂಗಿಗೆ ಇಳಿಯಿತು, ಮೊಣಕೈಯಲ್ಲಿ ಹಿಂದಕ್ಕೆ ತಳ್ಳಿದಳು. ಕೇಕ್ ಹಿಡಿದು ನಿಂತವನೂ ಗಡಿಯಾರ ನೋಡಲಿಲ್ಲ. ಕೊನೆಗೆ ಹೊಸ ಉಂಡೆ ಹಾಕಿದಳು. ಅದು ಅರ್ಧದವರೆಗೆ ಇಳಿಯಿತು, ಒಂದು ಸುತ್ತು ತಿರುಗಿತು, ಮೇಲೆ ಬಂದು ನಿಂತಿತು.

ಹಾಲ್‌ನಲ್ಲಿ ಗದ್ದಲವೆದ್ದಿತು. ತಾಯಿ ಮಾತ್ರ ಕಣ್ಣು ಕಿರಿದು ಮಾಡಿ ಏನೋ ಕೇಳಿದರು. ಇವಳ ಮುಖ ಸಣ್ಣದಾಯಿತು. "ಆ ಹೆಂಗಸರಲ್ಲಿ ಯಾರು ಬಡಿದದ್ದು ಅಂತ ಕೇಳ್ತಿದ್ದಾರೆ" ಎಂದಳು ನನ್ನ ಕಡೆ ತಿರುಗಿ. ನಡುವೆ ಮೇಜಿಗೆ ಮುತ್ತಿದ್ದವರ ಬೆನ್ನು ಅಡ್ಡ ಬಂದು ತಾಯಿಗೆ ಕಂಡಿರಲಿಲ್ಲ.

ಅಂದು ಸಂಜೆಯಿಡೀ ನಾನು ಮೈಕಿನಲ್ಲಿ ಹೇಳಿದ್ದು ಬರೀ ಸುಳ್ಳು. ಈಗ ಒಂದೇ ನಿಜ ಹೇಳಬೇಕಿತ್ತು, ಅದೂ ನನಗೆ ಬಾರದ ಭಾಷೆಯಲ್ಲಿ. ನಾನು ಮೈಕ್ ಕೆಳಗಿಟ್ಟು, ನನ್ನ ಎರಡೂ ಅಂಗೈಗಳನ್ನು ಫೋನಿಗೆ ತೋರಿಸಿದೆ. ಹಿಟ್ಟಿಲ್ಲ. ಕುಂದಾಪುರದವರಿಗೆ ಕೂಡಲೇ ಅರ್ಥವಾಯಿತು, ಅವರೂ ತೋರಿಸಿದರು. ಆಮೇಲೆ ಸಾಲು ಸಾಲಾಗಿ ನಲವತ್ತು ಹೆಂಗಸರು, ಮದರಂಗಿಯ ಕೈ, ಬಳೆಯ ಕೈ, ಎಲ್ಲವೂ ಶುಭ್ರ. ಬರ್ಕಾದ ಸಾಹೇಬರು ತೋರಿಸಿದರು. ಬಲೂನು ಕಂಕುಳಿಗೆ ಸಿಕ್ಕಿಸಿ ಮಕ್ಕಳೂ ತೋರಿಸಿದರು. ಕೊನೆಗೆ ಅವಳು ತನ್ನದನ್ನು ಎತ್ತಿದಳು, ಮಣಿಕಟ್ಟಿನವರೆಗೆ ಹಿಟ್ಟು.

ತಾಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎರಡೇ ಮಾತು ಹೇಳಿದರು. ಏನೆಂದರು ಎಂದು ನಾನು ಮೆಲ್ಲಗೆ ಕೇಳಿದೆ.

"ಈಗ ಎಲೆ ಬಾಡಿಸು ಅಂದರು" ಎಂದಳು, ಪೇಟದ ಕೆಳಗೆ ಅಳುತ್ತ.

ಅಧ್ಯಕ್ಷರು ವಂದನಾರ್ಪಣೆಗೆಂದು ಮೈಕಿಗೆ ಕೈ ಚಾಚಿದರು. ನಾನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಬರ್ಕಾದ ಸಾಹೇಬರು ಒಲೆಯ ಸ್ವಿಚ್ ಹಾಕಿ, ಮೊದಲ ಎಲೆಯನ್ನು ಅವಳ ಕೈಗೆ ಕೊಟ್ಟರು.